ಬಾಲಿಗೆ ಹೋಗುವುದಾದರೆ ಬೆಟ್ಟದ ಕಡೆಗೆ ಹೋಗು

ಪುಟ್ಟೀ, ನೀನು ಕಳಿಸಿದ ಬಾಲಿಯ ಪಟ್ಟಿ ನೋಡಿದೆ. ದಿನಕ್ಕೆ ನಾಲ್ಕು ಜಾಗ, ನಡುವೆ ಎರಡು ಕಡೆ ಉಯ್ಯಾಲೆ, ಒಂದು ಬೆಳಗ್ಗೆ ಈಜುಕೊಳದಲ್ಲಿ ತೇಲುವ ತಟ್ಟೆಯ ತಿಂಡಿ. ಮದುವೆಯಾದ ಮೇಲೆ ನೀನೂ ಅಳಿಯಂದಿರೂ ಒಟ್ಟಿಗೆ ಹೊರಟಿರುವ ಮೊದಲ ದೂರದ ಪ್ರಯಾಣ, ಉತ್ಸಾಹ ಇರಬೇಕಾದ್ದೇ. ಆದರೆ ಪಟ್ಟಿಯ ಮುಕ್ಕಾಲು ಪಾಲು ದ್ವೀಪದ ದಕ್ಷಿಣದ ಮೂಲೆಯಲ್ಲೇ ಗಿರಕಿ ಹೊಡೆಯುತ್ತಿದೆ. ಕೂಟ, ಸೆಮಿನ್ಯಾಕ್, ಚಾಂಗು. ಅಲ್ಲಿ ಕಡಲಿದೆ, ಕೆಫೆಗಳಿವೆ, ಗಂಟೆಗಟ್ಟಲೆ ಅಲುಗಾಡದ ಟ್ರಾಫಿಕ್ಕೂ ಇದೆ. ಟ್ರಾಫಿಕ್ ನೋಡುವುದಕ್ಕೆ ಸಿಲ್ಕ್ ಬೋರ್ಡ್ ಸಾಲದೇ?

ಚಿಕ್ಕಮ್ಮನ ಮಾತು ಒಂದೇ: ಬೆಟ್ಟದ ಕಡೆಗೆ ಹೋಗು. ಪಟ್ಟಿಯಲ್ಲಿ ಅರ್ಧ ಹೊಡೆದುಹಾಕಿ, ಉಳಿದ ಅರ್ಧವನ್ನು ಮೇಲಿನ ಹಳ್ಳಿಗಳಲ್ಲಿ ರಾತ್ರಿ ತಂಗಿ ನೋಡು. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಭೂಗೋಳದ ಪಾಠ ಬರುತ್ತದೆ, ಸಹಿಸಿಕೋ. ಮಕ್ಕಳಿಗೆ ನಕ್ಷೆ ತೋರಿಸಿಯೇ ತಲೆ ನರೆತವಳು ನಾನು.

ಬಾಲಿಯ ಹಳ್ಳಿಯಲ್ಲಿ ದಾರಿ ಕೇಳಿದರೆ ‘ಕಾಜ’, ‘ಕೆಲೊದ್’ ಅನ್ನುವುದು ಕಿವಿಗೆ ಬೀಳುತ್ತದೆ. ಕಾಜ ಬೆಟ್ಟದ ಕಡೆ, ಕೆಲೊದ್ ಕಡಲ ಕಡೆ. ದ್ವೀಪದ ದಕ್ಷಿಣದಲ್ಲಿರುವವನಿಗೆ ಕಾಜ ಉತ್ತರಕ್ಕಿದೆ; ಬೆಟ್ಟ ದಾಟಿ ಸಿಂಗರಾಜದ ಕಡೆ ಇಳಿದರೆ ಅದೇ ಕಾಜ ದಕ್ಷಿಣಕ್ಕೆ ಬರುತ್ತದೆ. ಮನೆದೇವರ ಗುಡಿ ಕಾಜದ ಮೂಲೆಯಲ್ಲಿ, ಅಡುಗೆಮನೆ, ಹಂದಿಗೂಡು ಕೆಲೊದ್ ಕಡೆ. ಮಲಗುವಾಗ ತಲೆ ಕಾಜಕ್ಕೆ. ಬೆಟ್ಟವನ್ನು ಇಷ್ಟು ನೆಚ್ಚಿ ಬದುಕುವವರ ನಾಡಿಗೆ ಹೋಗಿ ಕಡಲಂಚಿನಲ್ಲಿ ಮಾತ್ರ ಕುಳಿತು ಬಂದರೆ ಏನು ನೋಡಿದ ಹಾಗಾಯಿತು?

ಇಲ್ಲಿನ ಬೆಟ್ಟಗಳು ಜ್ವಾಲಾಮುಖಿಗಳು. ಹಿಂದೂ ಮಹಾಸಾಗರದ ತಳದ ಶಿಲಾಫಲಕ ಉತ್ತರಕ್ಕೆ ಸರಿಯುತ್ತ ಇಂಡೋನೇಷ್ಯಾದ ಅಡಿಗೆ ನುಗ್ಗುತ್ತದೆ. ಆಳಕ್ಕಿಳಿದಾಗ ಅದರೊಳಗಿನ ನೀರು ಹೊರಬಿದ್ದು ಮೇಲಿನ ಬಿಸಿಬಂಡೆ ಕರಗುತ್ತದೆ, ಕರಗಿದ್ದು ಮೇಲೇರಿ ಬರುತ್ತದೆ. ಸುಮಾತ್ರ, ಜಾವ, ಬಾಲಿ, ಲೊಂಬೊಕ್ ಹೀಗೆ ಸಾಲಾಗಿ ಅಗ್ನಿಪರ್ವತಗಳು ನಿಂತಿರುವುದು ಅದರಿಂದಲೇ. ನಮ್ಮ ವಿಜಯಪುರ, ಬೆಳಗಾವಿ ಕಡೆಯ ಎರೆಮಣ್ಣೂ ಒಂದು ಕಾಲದ ಲಾವಾದಿಂದಲೇ ಆದದ್ದು, ಅದು ಸುಮಾರು 6.6 ಕೋಟಿ ವರ್ಷ ಹಿಂದಿನ ಕಥೆ. ಬಾಲಿಯಲ್ಲಿ ಆ ಕಥೆ ಇನ್ನೂ ನಡೆಯುತ್ತಿದೆ. ಅಗುಂಗ್ ಪರ್ವತ 1963ರಲ್ಲಿ ಸಿಡಿದದ್ದನ್ನು ಕಣ್ಣಾರೆ ಕಂಡ ಅಜ್ಜಂದಿರು ಅಲ್ಲಿ ಇನ್ನೂ ಇದ್ದಾರೆ.

ಮೊದಲು ಕಿಂತಾಮಣಿಗೆ ಹೋಗು. ಎಲ್ಲರೂ ಹೋಗುವ ಜಾಗವೇ, ಆದರೆ ಎಲ್ಲರೂ ಹೋಗುವ ರೀತಿಯಲ್ಲಿ ಬೇಡ. ಬಸ್ಸುಗಳು ಮಧ್ಯಾಹ್ನದ ಊಟದ ಹೊತ್ತಿಗೆ ಅಂಚಿನ ಹೋಟೆಲುಗಳ ಮುಂದೆ ನಿಲ್ಲುತ್ತವೆ, ಜನ ತಟ್ಟೆ ಹಿಡಿದು ಕಿಟಕಿಯಿಂದ ಬತೂರ್ ಪರ್ವತ ನೋಡುತ್ತಾರೆ, ಫೋಟೋ ತೆಗೆದು ಹೊರಡುತ್ತಾರೆ. ಅಷ್ಟು ಹೊತ್ತಿಗೆ ಮೋಡ ಮುಸುಕಿರುತ್ತದೆ. ನೀನು ಅಂಚಿನಿಂದ ಕೆಳಗಿಳಿ. ಒಂದಾನೊಂದು ಕಾಲದಲ್ಲಿ ಇಲ್ಲಿ ಇನ್ನೂ ದೊಡ್ಡ ಪರ್ವತವಿತ್ತು. ಹೊಟ್ಟೆಯೊಳಗಿನ ಕರಗಿದ ಬಂಡೆಯನ್ನೆಲ್ಲ ಕಕ್ಕಿದ ಮೇಲೆ ಅದರ ತಲೆ ಒಳಕ್ಕೆ ಕುಸಿದು ಹತ್ತು ಕಿಲೋಮೀಟರಿಗೂ ಹೆಚ್ಚು ಅಗಲದ ಬೋಗುಣಿಯಾಯಿತು. ಆ ಬೋಗುಣಿಯ ಒಂದು ಬದಿಗೆ ಬಾಲಿಯ ಅತಿ ದೊಡ್ಡ ಸರೋವರ, ನಡುವೆ ಹೊಸದಾಗಿ ಎದ್ದ ಬತೂರ್. ಎತ್ತರ 1,717 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಕಡಿಮೆ. ಯುನೆಸ್ಕೊದವರು ಇಡೀ ಪ್ರದೇಶವನ್ನು ಜಿಯೋಪಾರ್ಕ್ ಎಂದು ಗುರುತಿಸಿದ್ದಾರೆ.

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಕೆಳಗಿಳಿದಾಗ ಅದು ಅಕ್ಷರಶಃ ಗೊತ್ತಾಗುತ್ತದೆ. ಮೇಲಿನಿಂದ ಕಪ್ಪು ಕಂಬಳಿ ಹಾಸಿದಂತೆ ಕಾಣುವುದು ಹತ್ತಿರ ಹೋದರೆ ಚಪ್ಪಲಿ ಹರಿಯುವಷ್ಟು ಚೂಪಾದ ಲಾವಾದ ಹೆಂಟೆಗಳು. ಅಲ್ಲಲ್ಲಿ ಜರೀಗಿಡ, ಹುಲ್ಲು ತಲೆಯೆತ್ತಿವೆ. ಪಕ್ಕದಲ್ಲೇ ಈರುಳ್ಳಿ, ಟೊಮೆಟೊ, ಎಲೆಕೋಸಿನ ಹೊಲ. ಮಣ್ಣಿಗೆ ಕೈ ಹಾಕಿ ನೋಡು, ಕಪ್ಪಗೆ, ಪುಡಿಪುಡಿ.

ಬತೂರ್ ಎಂಬ ಊರು ಮೊದಲು ಈ ಬೆಟ್ಟದ ಬುಡದಲ್ಲಿತ್ತು. 1917ರಲ್ಲಿ ಲಾವಾ ಊರಿನ ಮೇಲೆ ಹರಿದು ಬಂದು ದೇವಸ್ಥಾನದ ಬಾಗಿಲಲ್ಲಿ ನಿಂತಿತು. ದೇವಿ ಕಾಪಾಡಿದಳು ಎಂದು ಜನ ಊರು ಬಿಡಲಿಲ್ಲ. 1926ರಲ್ಲಿ ಮತ್ತೆ ಬಂದ ಲಾವಾ ದೇವಸ್ಥಾನವನ್ನೂ ನುಂಗಿತು; ಎಲ್ಲಕ್ಕಿಂತ ಎತ್ತರದ ಗುಡಿಯೊಂದು ಮಾತ್ರ ಉಳಿಯಿತು. ಆಗ ಜನ ಆ ಗುಡಿಯ ಸಮೇತ ಅಂಚಿನ ಮೇಲಕ್ಕೆ ಬಂದು ಊರು ಕಟ್ಟಿಕೊಂಡರು. ಈಗ ನೀನು ಕಿಂತಾಮಣಿಯ ರಸ್ತೆಯಲ್ಲಿ ನೋಡುವ ಪುರಾ ಉಲುನ್ ದಾನು ಬತೂರ್ ಅದೇ. ಸರೋವರದ ದೇವಿ ದಾನುವಿನ ಗುಡಿ. ಬೇರೆ ಯಾವ ದೇವಸ್ಥಾನ ಬಿಟ್ಟರೂ ಇದನ್ನು ಬಿಡಬೇಡ. ಅಗುಂಗ್ ಇಳಿಜಾರಿನ ಬೆಸಾಕಿಹ್ ದೇವಸ್ಥಾನ ಬಿಟ್ಟರೆ ದ್ವೀಪದಲ್ಲಿ ಇದಕ್ಕೇ ಹೆಚ್ಚಿನ ಗೌರವ, ಪ್ರವಾಸಿಗರ ನೂಕುನುಗ್ಗಲು ಮಾತ್ರ ಕಡಿಮೆ.

ಬತೂರ್ ಹತ್ತುವ ಆಸೆ ಅಳಿಯಂದಿರಿಗಿದೆ ಎಂದು ಬರೆದಿದ್ದೀಯ. ಹತ್ತಲಿ. ಕೋಳಿ ಕೂಗುವುದಕ್ಕೆ ಎಷ್ಟೋ ಮುಂಚೆ ಹೊರಟು ಎರಡು ಗಂಟೆಯಲ್ಲಿ ತುದಿ ಸೇರಬಹುದು, ಸೂರ್ಯೋದಯಕ್ಕೆ ಎದುರಿಗೆ ಅಬಾಂಗ್, ಅದರ ಹಿಂದೆ ಅಗುಂಗ್, ಆಕಾಶ ತಿಳಿಯಾಗಿದ್ದರೆ ಕಡಲಾಚೆ ಲೊಂಬೊಕ್‌ನ ರಿಂಜಾನಿ. ಬಂಡೆಯ ಬಿರುಕಿನಿಂದ ಬರುವ ಹಬೆಯಲ್ಲಿ ಗೈಡುಗಳು ಮೊಟ್ಟೆ ಬೇಯಿಸಿಕೊಡುತ್ತಾರೆ. ಸ್ಥಳೀಯ ಗೈಡ್ ಇಲ್ಲದೆ ಹತ್ತಲು ಬಿಡುವುದಿಲ್ಲ. ಅದಕ್ಕೆ ಗೊಣಗಬೇಡಿ, ಆ ಹಳ್ಳಿಗಳಿಗೆ ಹೊಲದ ಜೊತೆಗೆ ಅದೂ ಒಂದು ಸಂಪಾದನೆ. ಟಾರ್ಚ್, ಹಿಡಿತವಿರುವ ಬೂಟು, ಒಂದು ಸ್ವೆಟರ್ ಬೇಕು. ಬಾಲಿ ಎಂದರೆ ಸೆಖೆ ಎಂದುಕೊಂಡು ಹತ್ತಿಯ ಅಂಗಿಯಲ್ಲಿ ಹೋದವರು ತುದಿಯಲ್ಲಿ ನಡುಗುತ್ತ ನಿಂತಿರುತ್ತಾರೆ. ನಿನಗೆ ಹತ್ತುವುದು ಬೇಡವೆನ್ನಿಸಿದರೆ ಸಂಕೋಚಪಡಬೇಡ. ಅವರು ಇಳಿದು ಬರುವ ಹೊತ್ತಿಗೆ ತೋಯಾ ಬುಂಗ್‌ಕಾಹ್‌ನ ಬಿಸಿನೀರಿನ ಬುಗ್ಗೆಯಲ್ಲಿ ಕಾಲು ಇಳಿಬಿಟ್ಟು ಕುಳಿತಿರು.

ಅದೇ ಸರೋವರದ ಪೂರ್ವದ ದಂಡೆಯಲ್ಲಿ ತ್ರುನ್ಯಾನ್ ಎಂಬ ಹಳ್ಳಿಯಿದೆ. ಅಲ್ಲಿ ಸಹಜವಾಗಿ ಸತ್ತ ದೊಡ್ಡವರ ಹೆಣವನ್ನು ಸುಡುವುದಿಲ್ಲ, ಹೂಳುವುದಿಲ್ಲ. ಒಂದು ದೊಡ್ಡ ಮರದಡಿ ಬಿದಿರಿನ ತಟ್ಟಿಯೊಳಗೆ ಮಲಗಿಸುತ್ತಾರೆ. ಆ ಮರದ ಪರಿಮಳದಿಂದ ವಾಸನೆ ಬರುವುದಿಲ್ಲ ಎಂಬ ನಂಬಿಕೆ. ದೋಣಿಯವರು ‘ಬನ್ನಿ, ತಲೆಬುರುಡೆ ತೋರಿಸುತ್ತೇವೆ’ ಎಂದು ಕರೆಯುತ್ತಾರೆ. ಹೋಗಬೇಡ. ಯಾರದೋ ಅಪ್ಪ ಅಮ್ಮ ಮಲಗಿರುವ ಜಾಗಕ್ಕೆ ಟಿಕೆಟ್ ಕೊಂಡು ಹೋಗಿ ಫೋಟೋ ತೆಗೆಯುವುದು ನಮಗೆ ಯಾಕೆ ಬೇಕು? ಬೇರೆಯವರು ಒಪ್ಪದಿರಬಹುದು, ನನ್ನ ಅಭಿಪ್ರಾಯ ಇದು.

ಕಾಫಿ ವಿಷಯ ಮರೆತೆ. ಕಿಂತಾಮಣಿಯ ಅರೇಬಿಕಾವನ್ನು ಕಿತ್ತಳೆ ಗಿಡಗಳ ನಡುವೆ ಬೆಳೆಯುತ್ತಾರೆ. ಇಂಡೋನೇಷ್ಯಾದಲ್ಲಿ ಮೊದಲ ಭೌಗೋಳಿಕ ಸೂಚಕದ ಮಾನ್ಯತೆ 2008ರಲ್ಲಿ ಸಿಕ್ಕಿದ್ದು ಅದಕ್ಕೇ. ಚಿಕ್ಕಮಗಳೂರಿನ ಮನೆಗೆ ಸೊಸೆಯಾದವಳು ನೀನು, ಕುಡಿದು ನೋಡಿ ಅತ್ತೆಗೆ ಅರ್ಧ ಕಿಲೋ ತೆಗೆದುಕೊಂಡು ಹೋಗು. ಆದರೆ ದಾರಿಯುದ್ದಕ್ಕೂ ಫಲಕ ಹಾಕಿಕೊಂಡಿರುವ ಲುವಾಕ್ ಕಾಫಿಯ ತೋಟಗಳಿಗೆ ಹೋಗಬೇಡ. ಪುನುಗು ಬೆಕ್ಕು ರಾತ್ರಿ ಕಾಡಿನಲ್ಲಿ ತಿರುಗಾಡುವ ಪ್ರಾಣಿ. ಅದನ್ನು ಹಗಲೆಲ್ಲ ಪಂಜರದಲ್ಲಿಟ್ಟು, ಹಣ್ಣು ತಿನ್ನಿಸಿ, ಬಂದವರಿಗೆ ತೋರಿಸಿ, ಕೊನೆಗೆ ಒಂದು ಲೋಟಕ್ಕೆ ದುಬಾರಿ ಬೆಲೆ ಹಾಕುತ್ತಾರೆ.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಬಾಲಿಯಲ್ಲಂತೂ ನೀರನ್ನು ತಿಳಿಯದೆ ಏನೂ ತಿಳಿಯುವುದಿಲ್ಲ. ಬತೂರ್ ಸರೋವರದಿಂದ ಹೊರಗೆ ಹರಿಯುವ ಹೊಳೆ ಇಲ್ಲ. ನೀರು ಬೂದಿ, ಬಂಡೆಗಳ ಸಂದಿಯಲ್ಲಿ ಇಂಗಿ ಕೆಳಗೆಲ್ಲೋ ಬುಗ್ಗೆಯಾಗಿ ಏಳುತ್ತದೆ. ಅಂಥ ಒಂದು ಬುಗ್ಗೆ ತಂಪಕ್‌ಸಿರಿಂಗ್‌ನ ತೀರ್ಥ ಎಂಪುಲ್. ಅಲ್ಲಿನ ದೇವಸ್ಥಾನ ಕ್ರಿ.ಶ. 962ರದು ಎನ್ನುತ್ತಾರೆ. ಒಳಗಿನ ಕೊಳವನ್ನು ಬಗ್ಗಿ ನೋಡು: ಕಪ್ಪು ಮರಳನ್ನು ಕದಡುತ್ತ ನೀರು ಪುಟಿಯುವುದು ಕಾಣುತ್ತದೆ. ಹೊರಗಿನ ಕೊಳದಲ್ಲಿ ಸಾಲು ನಾಳಗಳಿಂದ ಬೀಳುವ ನೀರಿಗೆ ಜನ ಒಂದೊಂದಾಗಿ ತಲೆಯೊಡ್ಡುತ್ತಾರೆ. ಸತ್ತವರ ಕರ್ಮಕ್ಕೆಂದೇ ಮೀಸಲಾದ ನಾಳಗಳೂ ಅಲ್ಲಿವೆ, ಸ್ಥಳೀಯರು ಅವನ್ನು ಬಿಟ್ಟು ಮುಂದಕ್ಕೆ ಹೋಗುತ್ತಾರೆ. ಅವರ ಹಿಂದೆಯೇ ಹೋಗು. ಫೋಟೋಗಾಗಿ ಎಲ್ಲಿ ಬೇಕೆಂದರೆ ಅಲ್ಲಿ ನಿಂತು ಕೈ ಮುಗಿಯಬೇಡ.

ಅಲ್ಲಿಂದ ಕೆಳಗೆ, ಅದೇ ಪಕೆರಿಸಾನ್ ನದಿಯ ಕಣಿವೆಯಲ್ಲಿ, ಗುನುಂಗ್ ಕಾವಿ. ಸುಮಾರು 300 ಮೆಟ್ಟಿಲು ಇಳಿಯಬೇಕು. ಹತ್ತುವಾಗ ಮಂಡಿ ನೆನಪಾಗುತ್ತದೆ. 11ನೇ ಶತಮಾನದ ರಾಜರ ಸ್ಮಾರಕಗಳು, ಗೋಪುರದಾಕಾರದಲ್ಲಿ, ಬಂಡೆಯ ಗೋಡೆಯಲ್ಲೇ ಕೊರೆದವು. ಬಾದಾಮಿಯ ಮರಳುಗಲ್ಲನ್ನು ಕಂಡವರಿಗೆ ಇದು ಬೇರೆ ಕಲ್ಲು ಎಂದು ಕೂಡಲೇ ಹೊಳೆಯುತ್ತದೆ. ಬಿಸಿಬೂದಿ ಬಿದ್ದು, ಒತ್ತಿಕೊಂಡು ಗಟ್ಟಿಯಾದ ಮೆದುವಾದ ಕಲ್ಲು ಇದು. ಬಾಲಿಯ ಬಾಗಿಲುಗಳ ಮೇಲಿನ ಅಷ್ಟೊಂದು ಕೆತ್ತನೆಗೂ, ಆ ಕೆತ್ತನೆ ಮಳೆಗೆ ಸವೆದು ಮತ್ತೆ ಮತ್ತೆ ಹೊಸದಾಗಿ ಕೆತ್ತಬೇಕಾಗುವುದಕ್ಕೂ ಈ ಮೆದುತನವೇ ಕಾರಣ.

ಮೆದುಕಲ್ಲಾದ್ದರಿಂದ ಹೊಳೆಗಳು ಆಳವಾದ ಕೊರಕಲಿನಲ್ಲಿ ಹರಿಯುತ್ತವೆ, ಗದ್ದೆ ಮಾತ್ರ ಎಷ್ಟೋ ಮೇಲೆ. ಹಾಗಾಗಿ ಬಾಲಿಯ ರೈತರು ಮೇಲ್ಗಡೆ ಒಡ್ಡು ಹಾಕಿ, ಗುಡ್ಡದ ಹೊಟ್ಟೆಯಲ್ಲಿ ಸುರಂಗ ತೋಡಿ, ನೀರನ್ನು ಗದ್ದೆಗೆ ತರುತ್ತಾರೆ. ಒಂದು ಕಾಲುವೆಯ ನೀರು ಉಣ್ಣುವ ರೈತರೆಲ್ಲ ಸೇರಿದ ಕೂಟಕ್ಕೆ ಸುಬಕ್ ಎನ್ನುತ್ತಾರೆ. ಯಾರ ಗದ್ದೆಗೆ ಯಾವಾಗ ನೀರು, ಯಾವಾಗ ನಾಟಿ, ಯಾವಾಗ ಬೀಳು ಬಿಡುವುದು ಎಲ್ಲವೂ ಸಭೆಯಲ್ಲಿ, ನೀರಿನ ಗುಡಿಯ ಮುಂದೆ ತೀರ್ಮಾನ. ನಮ್ಮಲ್ಲಿ ಕೆರೆಗೆ ನೀರುಗಂಟಿ ಇದ್ದನಲ್ಲ, ಅವನು ಒಂದು ಕೆರೆಗೆ. ಇಲ್ಲಿ ಕಣಿವೆಯ ತುದಿಯಿಂದ ಬುಡದವರೆಗೂ ಗುಡಿಗಳ ಸಾಲೇ ಇದೆ, ಎಲ್ಲಕ್ಕೂ ಮೇಲೆ ಆ ಬತೂರಿನ ಸರೋವರದೇವಿ. 1970ರ ದಶಕದಲ್ಲಿ ಸರ್ಕಾರ ಹೊಸ ತಳಿ ಕೊಟ್ಟು, ಬೇಕಾದಾಗ ಬೇಕಾದಷ್ಟು ಬೆಳೆಯಿರಿ ಎಂದಿತು. ಪಾಳಿ ತಪ್ಪಿತು, ನೀರು ಸಾಲದಾಯಿತು, ಕೀಟ ಒಂದು ಗದ್ದೆಯಿಂದ ಇನ್ನೊಂದಕ್ಕೆ ಹಾರುತ್ತ ವರ್ಷವಿಡೀ ಉಂಡಿತು. ಎಲ್ಲರೂ ಒಟ್ಟಿಗೆ ನಾಟಿ ಮಾಡಿ ಒಟ್ಟಿಗೆ ಬೀಳು ಬಿಟ್ಟರೆ ಕೀಟಕ್ಕೆ ಕೂಳಿರುವುದಿಲ್ಲ ಎಂಬ ಹಳೆಯ ಲೆಕ್ಕವನ್ನು ಸ್ಟೀಫನ್ ಲ್ಯಾನ್ಸಿಂಗ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಕಂಪ್ಯೂಟರಿನಲ್ಲಿಟ್ಟು ತೋರಿಸಿಕೊಟ್ಟರು. 2012ರಲ್ಲಿ ಯುನೆಸ್ಕೊ ಸುಬಕ್‌ ಅನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದನ್ನು ತಿಳಿದುಕೊಂಡು ಜತಿಲುವಿಹ್‌ಗೆ ಹೋಗು. ಉಬುದ್ ಪಕ್ಕದ ತೆಗಲಾಲಾಂಗ್‌ನ ಮೆಟ್ಟಿಲುಗದ್ದೆಗಳಲ್ಲಿ ಈಗ ಭತ್ತಕ್ಕಿಂತ ಉಯ್ಯಾಲೆ ಹೆಚ್ಚು. ಜತಿಲುವಿಹ್ ಬತುಕಾರು ಪರ್ವತದ ತಪ್ಪಲು. ಕಣ್ಣು ಹಾಯಿಸಿದಷ್ಟೂ ಗದ್ದೆ, ಕಾಲುದಾರಿಯಲ್ಲಿ ಒಂದೆರಡು ಗಂಟೆ ನಡೆಯಬಹುದು. ನೀರು ಎಲ್ಲಿ ಒಡೆದು ಎರಡಾಗುತ್ತದೆ, ಯಾವ ತೂಬಿನ ಅಗಲ ಎಷ್ಟು ಎಂದು ನೋಡುತ್ತ ನಡೆ. ಬದುವಿನ ಮೇಲೆ ನಡೆಯುವಾಗ ಎದುರಿಗೆ ರೈತ ಬಂದರೆ ದಾರಿ ಬಿಡಬೇಕಾದವಳು ನೀನು.

ಇನ್ನು ಹಳ್ಳಿಗಳು. ಬಂಗ್ಲಿ ಜಿಲ್ಲೆಯ ಪೆಂಗ್ಲಿಪುರಾನ್ ನಿನ್ನ ಪಟ್ಟಿಯಲ್ಲಿದೆ, ‘ಅರ್ಧ ಗಂಟೆ’ ಎಂದು ಬರೆದಿದ್ದೀಯ. ಕಾಜದ ಕಡೆಗೆ ಏರುವ ಒಂದೇ ಕಲ್ಲುಹಾಸಿನ ಬೀದಿ, ಎರಡೂ ಬದಿಗೆ ಒಂದೇ ಅಳತೆಯ ಹೆಬ್ಬಾಗಿಲುಗಳು, ಬಿದಿರಿನ ಸೀಳುಗಳನ್ನು ಹೊದಿಸಿದ ಮಾಡು. ಬೀದಿಯಲ್ಲಿ ವಾಹನ ಓಡಾಡುವುದಿಲ್ಲ. 70ಕ್ಕೂ ಹೆಚ್ಚು ಮನೆಗಳು. 2023ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಇದನ್ನು ಜಗತ್ತಿನ ಉತ್ತಮ ಪ್ರವಾಸಿ ಹಳ್ಳಿಗಳ ಪಟ್ಟಿಗೆ ಸೇರಿಸಿದ ಮೇಲೆ ಜನವೋ ಜನ. ಹತ್ತು ಗಂಟೆಗೆ ಹೋದರೆ ಬೀದಿಯ ಬದಲು ಬೆನ್ನುಗಳು ಕಾಣುತ್ತವೆ. ಹಳ್ಳಿಯೊಳಗೇ ಮನೆಗಳಲ್ಲಿ ತಂಗಲು ಕೋಣೆ ಕೊಡುತ್ತಾರೆ, ಒಂದು ರಾತ್ರಿ ಇರು. ಸಂಜೆ ಬಸ್ಸುಗಳೆಲ್ಲ ಹೋದ ಮೇಲೆ ಹೆಂಗಸರು ಬಾಗಿಲ ಮುಂದೆ ಕುಳಿತು ಎಲೆ ಹೆಣೆಯುತ್ತಾರೆ, ಮಕ್ಕಳು ಬೀದಿಯಲ್ಲಿ ಆಡುತ್ತಾರೆ. ಹಳ್ಳಿ ಹಳ್ಳಿಯಾಗುವುದು ಆಗ. ‘ಲೊಲೊಹ್ ಚೆಂಚೆಂ’ ಎಂಬ ಹುಳಿಹುಳಿ ಹಸಿರು ಪಾನಕ ಕೊಡುತ್ತಾರೆ, ಕುಡಿ. ಊರಿನ ಹಿಂದಿನ ಬಿದಿರುಕಾಡಿಗೂ ಹೋಗು. ಊರಾಚೆ ‘ಕಾರಂಗ್ ಮೆಮಾದು’ ಎಂಬ ಖಾಲಿ ನಿವೇಶನ ಇದೆ, ಅಳಿಯಂದಿರಿಗೆ ತೋರಿಸು: ಎರಡನೆಯ ಹೆಂಡತಿ ಮಾಡಿಕೊಂಡವನು ಊರೊಳಗೆ ಇರುವಂತಿಲ್ಲ, ಅಲ್ಲಿ ಹೋಗಿ ಇರಬೇಕು ಎಂದು ಊರಿನ ಕಟ್ಟಳೆ.

ನನಗೆ ಪೆಂಗ್ಲಿಪುರಾನ್‌ಗಿಂತ ತೆಂಗನಾನ್ ಇಷ್ಟ. ದ್ವೀಪದ ಪೂರ್ವದಲ್ಲಿ, ಮೂರು ಕಡೆ ಗುಡ್ಡ ಸುತ್ತಿದ ಹಳ್ಳಿ. ಜಾವದ ಮಜಪಾಹಿತ್ ಅರಸರ ಪ್ರಭಾವ ಬರುವ ಮುಂಚಿನ ಕಟ್ಟಳೆಗಳನ್ನು ಉಳಿಸಿಕೊಂಡ ‘ಬಾಲಿ ಆಗಾ’ ಜನ ಅವರು. ಇಂದ್ರನೇ ತಮ್ಮ ದೇವರು ಎನ್ನುತ್ತಾರೆ. ಊರಿನ ಜಮೀನಿನ ಕಥೆ ಕೇಳಿದರೆ ನಗು ಬರುತ್ತದೆ. ಹಿಂದೆ ರಾಜನ ಕುದುರೆ ಕಳೆದುಹೋಯಿತಂತೆ. ಹುಡುಕಲು ಹೋದ ಈ ಜನಕ್ಕೆ ಅದರ ಹೆಣ ಸಿಕ್ಕಿತು. ಹೆಣದ ನಾತ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗಿನ ನೆಲ ನಿಮ್ಮದು ಎಂದ ರಾಜ. ಅಳೆಯಲು ಬಂದ ರಾಜನ ಅಧಿಕಾರಿ ನಡೆದೇ ನಡೆದ, ಎಷ್ಟು ದೂರ ಹೋದರೂ ನಾತ ಹೋಗಲಿಲ್ಲ. ಊರಿನ ಯಜಮಾನ ಕೊಳೆತ ಮಾಂಸದ ತುಂಡೊಂದನ್ನು ತನ್ನ ಬಟ್ಟೆಯೊಳಗೆ ಸಿಕ್ಕಿಸಿಕೊಂಡು ಜೊತೆಗೇ ನಡೆಯುತ್ತಿದ್ದ!

ಅಲ್ಲಿ ನೇಯುವ ಗೆರಿಂಗ್‌ಸಿಂಗ್ ಬಟ್ಟೆಯನ್ನು ನಿಧಾನವಾಗಿ ನೋಡು. ಸಾಮಾನ್ಯ ಇಕ್ಕತ್‌ನಲ್ಲಿ ಹಾಸನ್ನೋ ಹೊಕ್ಕನ್ನೋ ಒಂದನ್ನು ಕಟ್ಟಿ ಬಣ್ಣಕ್ಕೆ ಅದ್ದುತ್ತಾರೆ. ಇಲ್ಲಿ ಹಾಸು ಹೊಕ್ಕು ಎರಡನ್ನೂ ನೇಯುವ ಮುಂಚೆಯೇ ಕಟ್ಟಿ ಅದ್ದಿ, ಮಗ್ಗದಲ್ಲಿ ಚಿತ್ರಕ್ಕೆ ಚಿತ್ರ ಕೂಡುವ ಹಾಗೆ ನೇಯುತ್ತಾರೆ. ಇದನ್ನು ಮಾಡುವವರು ಜಗತ್ತಿನಲ್ಲಿ ಬೆರಳೆಣಿಕೆ: ನಮ್ಮ ದೇಶದಲ್ಲಿ ಪಾಟನ್‌ನ ಪಟೋಲದವರು, ತೆಲಂಗಾಣದ ಪುಟ್ಟಪಾಕದವರು, ಜಪಾನಿನಲ್ಲಿ ಕೆಲವರು, ಇಂಡೋನೇಷ್ಯಾದಲ್ಲಿ ಈ ಹಳ್ಳಿ. ಕೆಂಪು ಬಣ್ಣ ನೋನಿ ಗಿಡದ ಬೇರಿನ ತೊಗಟೆಯಿಂದ. ನೀಲಿಯನ್ನು ಊರಿನಲ್ಲಿ ಅದ್ದುವಂತಿಲ್ಲ, ಪಕ್ಕದ ಬುಗ್‌ಬುಗ್‌ಗೆ ಕಳಿಸಿ ಅದ್ದಿಸುತ್ತಾರೆ. ಒಂದು ಬಟ್ಟೆ ಮುಗಿಯಲು ವರ್ಷಗಳೇ ಹಿಡಿಯುತ್ತವೆ. ರೋಗರುಜಿನ ತಡೆಯುತ್ತದೆ ಎಂದು ನಂಬಿ ಹಬ್ಬದಲ್ಲಿ ಉಡುತ್ತಾರೆ. ಬೆಲೆ ಕೇಳಿ ಬೆಚ್ಚಬೇಡ, ಚಿಕ್ಕಪೇಟೆಯಲ್ಲಿ ಮಾಡಿದ ಹಾಗೆ ಅರ್ಧಕ್ಕೆ ಚೌಕಾಸಿಯೂ ಬೇಡ. ಕೊಳ್ಳಲಾಗದಿದ್ದರೆ ನೋಡಿ, ಕೈ ಮುಗಿದು ಬಾ. ತಾಳೆಗರಿಯ ಮೇಲೆ ಕಂಟದಿಂದ ಕೊರೆದು ಮಸಿ ತಿಕ್ಕುವವರು ಅಲ್ಲೇ ಕುಳಿತಿರುತ್ತಾರೆ. ಅದು ಕೈಗೆಟುಕುವ ಬೆಲೆ, ಸೂಟ್‌ಕೇಸಿನಲ್ಲಿ ಹಗುರ.

ತೆಂಗನಾನ್‌ನಿಂದ ಸಿದೆಮೆನ್ ಕಣಿವೆಗೆ ಹೋಗಿ ಎರಡು ರಾತ್ರಿ ಇರು. ಅಲ್ಲಿ ‘ನೋಡುವ ಜಾಗ’ ಎಂದು ಯಾವುದೂ ಇಲ್ಲ, ಅದೇ ಅದರ ದೊಡ್ಡ ಗುಣ. ಗದ್ದೆ, ಹೊಳೆ, ಮಗ್ಗದ ಸದ್ದು. ಬೆಳಗ್ಗೆ ಆರಕ್ಕೆ ಅಂಗಳಕ್ಕೆ ಬಂದರೆ ಎದುರಿಗೆ ಅಗುಂಗ್, ಮೂರು ಸಾವಿರ ಮೀಟರಿಗೂ ಎತ್ತರ. ಎಂಟಕ್ಕೆಲ್ಲ ಮೋಡದೊಳಗೆ ಹೋಗಿಬಿಡುತ್ತದೆ.

ಈ ಬೆಟ್ಟವನ್ನು ಭಯದಿಂದಲೇ ನೋಡಬೇಕು. ಇದರ ಇಳಿಜಾರಿನಲ್ಲಿರುವ ಬೆಸಾಕಿಹ್ ಬಾಲಿಯ ತಾಯಿ ದೇವಸ್ಥಾನ. ಅಲ್ಲಿ ನೂರು ವರ್ಷಕ್ಕೊಮ್ಮೆ ನಡೆಯಬೇಕಾದ ಏಕಾದಶ ರುದ್ರ ಮಹಾಯಾಗಕ್ಕೆ 1963ರಲ್ಲಿ ಸಿದ್ಧತೆ ನಡೆದಾಗಲೇ ಫೆಬ್ರವರಿಯಲ್ಲಿ ಬೆಟ್ಟ ಹೊಗೆಯುಗುಳತೊಡಗಿತು. ಯಾಗ ನಿಲ್ಲಲಿಲ್ಲ. ಮಾರ್ಚ್ 17ರಂದು ದೊಡ್ಡ ಸ್ಫೋಟ. ಬಿಸಿಬೂದಿ, ಅನಿಲದ ಪ್ರವಾಹಕ್ಕೆ, ಕೆಸರಿನ ಹೊಳೆಗಳಿಗೆ ಸಿಕ್ಕಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಬೆಸಾಕಿಹ್‌ನ ಪಕ್ಕದಲ್ಲೇ ಹಾದುಹೋದರೂ ಲಾವಾ ಗುಡಿಯನ್ನು ಮುಟ್ಟಲಿಲ್ಲ. ಯಾಗವನ್ನು 1979ರಲ್ಲಿ ಮತ್ತೆ ಮಾಡಿದರು. 2017ರಲ್ಲಿ ಬೆಟ್ಟ ಮತ್ತೆ ಎಚ್ಚರವಾದಾಗ ಲಕ್ಷಕ್ಕೂ ಹೆಚ್ಚು ಜನರನ್ನು ಮೊದಲೇ ತೆರವು ಮಾಡಿದ್ದರು. ಬೂದಿಯಿಂದಾಗಿ ವಿಮಾನ ನಿಲ್ದಾಣ ಕೆಲವು ದಿನ ಮುಚ್ಚಿತ್ತು. ಹಾಗಾಗಿ ಪ್ರಯಾಣ ವಿಮೆ ಮಾಡಿಸುವಾಗ ಜ್ವಾಲಾಮುಖಿಯಿಂದ ವಿಮಾನ ರದ್ದಾದರೆ ಹಣ ಬರುತ್ತದೆಯೇ ಎಂದು ಓದಿ ನೋಡು. ಅಲ್ಲಿನ ಸರ್ಕಾರ ಬೆಟ್ಟಗಳ ಎಚ್ಚರಿಕೆಯನ್ನು ನಾಲ್ಕು ಹಂತದಲ್ಲಿ ಪ್ರಕಟಿಸುತ್ತದೆ. ಇಷ್ಟು ಕಿಲೋಮೀಟರಿನೊಳಗೆ ಹೋಗಬೇಡಿ ಎಂದಿದ್ದರೆ ಗೈಡ್ ‘ಪರವಾಗಿಲ್ಲ ಬನ್ನಿ’ ಎಂದರೂ ಹೋಗಬೇಡ. ಅಗುಂಗ್ ಹತ್ತುವುದು ಬತೂರ್ ಹತ್ತಿದ ಹಾಗಲ್ಲ, ಕಠಿಣ. ಅಳಿಯಂದಿರು ಹಟ ಹಿಡಿದರೆ ನನ್ನ ಹೆಸರು ಹೇಳಿ ತಡೆ.

ಲೆಂಪುಯಾಂಗ್‌ನ ‘ಸ್ವರ್ಗದ ಬಾಗಿಲು’ ಪಟ್ಟಿಯಿಂದ ತೆಗೆ. ಫೋಟೋದಲ್ಲಿ ಬಾಗಿಲ ಮುಂದೆ ಕಾಣುವ ಸರೋವರ ಅಲ್ಲಿಲ್ಲವೇ ಇಲ್ಲ. ಮೊಬೈಲಿನ ಕೆಳಗೆ ಕನ್ನಡಿ ಹಿಡಿದು ಹುಡುಗರು ಅದನ್ನು ‘ತಯಾರಿಸು’ತ್ತಾರೆ. ಅದಕ್ಕಾಗಿ ಗಂಟೆಗಟ್ಟಲೆ ಸರದಿ! ಆ ಹೊತ್ತಿನಲ್ಲಿ ಅಮೆದ್‌ಗೆ ಹೋಗಿ ಬರಬಹುದು. ಕಪ್ಪು ಮರಳಿನ ದಂಡೆ, ಸಾಲಾಗಿ ಎಳೆದಿಟ್ಟ ಜುಕುಂಗ್ ದೋಣಿಗಳು, ಕಡಲನೀರನ್ನು ತೆಂಗಿನ ಕಾಂಡದ ದೋಣಿಯಲ್ಲಿ ಬತ್ತಿಸಿ ಉಪ್ಪು ತೆಗೆಯುವ ಕೆಲವು ಮನೆಗಳು. ಪಕ್ಕದ ತುಲಂಬೆನ್‌ನಲ್ಲಿ ನೀರೊಳಗೆ ಲಿಬರ್ಟಿ ಎಂಬ ಅಮೆರಿಕದ ಹಡಗಿದೆ. 1942ರಲ್ಲಿ ಜಪಾನಿನ ಜಲಾಂತರ್ಗಾಮಿಯ ಏಟು ತಿಂದು ದಡ ಸೇರಿದ್ದು, 1963ರ ಸ್ಫೋಟದ ನಡುಕಕ್ಕೆ ಜಾರಿ ಕಡಲಿಗೆ ಬಿತ್ತು. ಮೇಲ್ಭಾಗ ಅಷ್ಟು ಆಳದಲ್ಲಿಲ್ಲ. ಈಜು ಬಂದರೆ ಮುಖಗವಸು, ಉಸಿರುಕೊಳವೆ ಕಟ್ಟಿಕೊಂಡೇ ನೋಡಬಹುದು.

ಕೊನೆಯ ಎರಡು ರಾತ್ರಿ ಮುಂಡುಕ್‌ಗೆ ಇಡು. ಲವಂಗ, ಕಾಫಿಯ ಬೆಟ್ಟದೂರು, ಚಳಿ, ಮಂಜು, ನಡೆದೇ ಹೋಗಬಹುದಾದ ಜಲಪಾತಗಳು. ಹತ್ತಿರದಲ್ಲೇ ಬುಯಾನ್, ತಂಬ್ಲಿಂಗಾನ್ ಅವಳಿ ಸರೋವರಗಳು. ಉತ್ತರದ ಲೊವಿನಾದಲ್ಲಿ ಡಾಲ್ಫಿನ್ ತೋರಿಸುತ್ತೇವೆ ಎನ್ನುತ್ತಾರೆ. ಹತ್ತಾರು ಮೋಟಾರು ದೋಣಿಗಳು ಒಂದು ಹಿಂಡಿನ ಹಿಂದೆ ಬೀಳುವುದನ್ನು ನೋಡಲು ನಿದ್ದೆಗೆಡಬೇಡ.

ಇನ್ನು ಹೆಂಗಸರ ನಡುವಿನ ಮಾತು. ಬಾಲಿಯ ದೇವಸ್ಥಾನಗಳ ಬಾಗಿಲಲ್ಲಿ ಮುಟ್ಟಾದವರು ಒಳಗೆ ಬರಬಾರದು ಎಂದು ಫಲಕವಿರುತ್ತದೆ. ನಿನಗೆ ಒಪ್ಪಿಗೆ ಇದೆಯೋ ಇಲ್ಲವೋ, ಅದು ಅವರ ಮನೆ. ಅಲ್ಲಿ ವಾದ ಬೇಡ. ಇಬ್ಬರಿಗೂ ಒಂದೊಂದು ಸಾರೊಂಗ್, ಸೊಂಟಕ್ಕೆ ಕಟ್ಟುವ ವಸ್ತ್ರ ಬ್ಯಾಗಿನಲ್ಲೇ ಇರಲಿ. ನಮ್ಮ ಪಂಚೆಯೂ ನಡೆಯುತ್ತದೆ, ಸೊಂಟಪಟ್ಟಿ ಮಾತ್ರ ಬೇಕೇ ಬೇಕು. ನೆಲದ ಮೇಲೆ ಎಲ್ಲೆಂದರಲ್ಲಿ ಹೂವು ಅಕ್ಕಿ ಇಟ್ಟ ಪುಟ್ಟ ಎಲೆದೊನ್ನೆಗಳಿರುತ್ತವೆ, ಕಾಲಡಿ ನೋಡಿ ನಡೆ. ಪೂಜೆ ಮಾಡುವವರ ಎದುರಿಗೆ ನಿಂತು ಫೋಟೋ ತೆಗೆಯಬೇಡ, ಪೂಜಾರಿಗಿಂತ ಎತ್ತರದಲ್ಲಿ ನಿಲ್ಲಬೇಡ. ನಾವೂ ಹಿಂದೂಗಳೇ ಎಂದು ಸಲುಗೆ ತೆಗೆದುಕೊಳ್ಳುವವರನ್ನು ಕಂಡಿದ್ದೇನೆ. ಅವರ ಹಿಂದೂ ಧರ್ಮದ ದಾರಿ ಬೇರೆ, ‘ನಮ್ಮಲ್ಲಿ ಹೀಗಲ್ಲ’ ಎಂದು ಪಾಠ ಹೇಳಲು ಹೋಗಬೇಡ.

ಊಟಕ್ಕೆ ಹೆದರಬೇಡ. ತೆಂಗು, ಹಲಸು, ಬಾಳೆ, ಮೆಣಸು ಎಲ್ಲ ಅಲ್ಲೂ ಇದೆ. ಸೋಯಾದಿಂದ ಮಾಡಿದ ಟೆಂಪೆ, ತಾಹು, ಕಡಲೆಬೀಜದ ಗೊಜ್ಜು ಹಾಕಿದ ಗಾಡೊ ಗಾಡೊ, ಬೇಯಿಸಿದ ಸೊಪ್ಪಿಗೆ ತೆಂಗಿನತುರಿ ಬೆರೆಸಿದ ಉರಾಬ್. ಆದರೆ ಚಟ್ನಿಗಳಿಗೆ ತೆರಾಸಿ ಎಂಬ ಸಿಗಡಿಯ ಮುದ್ದೆ ಹಾಕುವುದು ರೂಢಿ. ‘ಮಾಂಸ ಬೇಡ’ ಎಂದರೆ ಅದೂ ಬೇಡ ಎಂದು ಅವರಿಗೆ ಹೊಳೆಯುವುದಿಲ್ಲ. ‘ತಾನ್‌ಪಾ ತೆರಾಸಿ’ ಎಂದು ಬೇರೆಯಾಗಿ ಹೇಳು. ಸಿಬೆತಾನ್ ಕಡೆ ಹೋದರೆ ಹಾವಿನ ಪೊರೆಯಂಥ ಸಿಪ್ಪೆಯ ಸಲಾಕ್ ಹಣ್ಣು ತಿನ್ನು.

ಸ್ಕೂಟರ್ ಬಾಡಿಗೆ ಬೇಡ. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇಲ್ಲದೆ ಬಿದ್ದರೆ ವಿಮೆಯೂ ಕೈಕೊಡುತ್ತದೆ, ಬೆಟ್ಟದ ತಿರುವುಗಳು ಬಲು ಕಡಿದು. ಚಾಲಕನ ಸಮೇತ ಕಾರು ಹಿಡಿಯಿರಿ, ಒಬ್ಬರನ್ನೇ ಎಲ್ಲ ದಿನಕ್ಕೂ ಮಾತಾಡಿಕೊಳ್ಳಿ. ನಕ್ಷೆಯಲ್ಲಿ ಐವತ್ತು ಅರವತ್ತು ಕಿಲೋಮೀಟರ್ ಎಂದಿದ್ದರೆ ಎರಡು ಗಂಟೆ ಎಂದೇ ತಿಳಿ. ಲಕ್ಷ ರುಪಿಯಾದ ನೋಟು ನಮ್ಮ ಐದಾರು ನೂರು ರೂಪಾಯಿ. ಸೊನ್ನೆಗಳಿಗೆ ಮರುಳಾಗಬೇಡ, ಗಲ್ಲಿಯ ಮೂಲೆಯಲ್ಲಿ ಹೆಚ್ಚು ದರ ಬರೆದುಕೊಂಡವರ ಹತ್ತಿರ ಹಣ ಬದಲಾಯಿಸಬೇಡ. 2024ರ ಫೆಬ್ರವರಿಯಿಂದ ವಿದೇಶಿಯರಿಗೆ ತಲೆಗೆ ಒಂದೂವರೆ ಲಕ್ಷ ರುಪಿಯಾ ಪ್ರವಾಸಿ ತೆರಿಗೆಯಿದೆ, ಹೊರಡುವ ಮುಂಚೆಯೇ ಆನ್‌ಲೈನಿನಲ್ಲಿ ಕಟ್ಟಿಬಿಡಿ.

ಹೋಗುವುದು ಏಪ್ರಿಲ್‌ನಿಂದ ಅಕ್ಟೋಬರ್ ಒಳಗಾದರೆ ಮಳೆಯ ಕಾಟ ಕಡಿಮೆ. ನೀನು ಮಾರ್ಚ್ ಎಂದು ಯೋಚಿಸುತ್ತಿದ್ದರೆ ನ್ಯೆಪಿ ಯಾವಾಗ ಎಂದು ನೋಡಿಕೊಂಡೇ ಟಿಕೆಟ್ ಮಾಡಿಸು. ಅದು ಅವರ ಶಕ ವರ್ಷದ ಮೊದಲ ದಿನ. 2023ರಲ್ಲಿ ನಮ್ಮ ಯುಗಾದಿಯೂ ಅದೂ ಒಂದೇ ದಿನ, ಮಾರ್ಚ್ 22ಕ್ಕೆ ಬಂದಿತ್ತು. ನಾವು ಹೋಳಿಗೆ ಮಾಡುವ ಹೊತ್ತಿನಲ್ಲಿ ಅವರು ದೀಪ ಹಚ್ಚುವುದಿಲ್ಲ, ಒಲೆ ಹಚ್ಚುವುದಿಲ್ಲ, ಮನೆಯಿಂದ ಹೊರಬರುವುದಿಲ್ಲ. ಪ್ರವಾಸಿಗರೂ ತಂಗಿದ ಜಾಗ ಬಿಟ್ಟು ಕದಲುವಂತಿಲ್ಲ. ಆ 24 ಗಂಟೆ ಬಾಲಿಯಲ್ಲಿ ಒಂದೂ ವಿಮಾನ ಇಳಿಯುವುದಿಲ್ಲ, ಏರುವುದೂ ಇಲ್ಲ.